ಇಬ್ಬರು ಕೂಡುವ ಮೋಟಾರು

ಗಾಡಿ ದೊಡ್ಡದಿರಬೇಕೋ ಸಣ್ಣದಿರಬೇಕೋ ಎಂದು ನಮ್ಮ ಶಿಗ್ಗಾಂವಿಯ ಕಟ್ಟೆಯ ಮೇಲೆ ಇಂದಿಗೂ ಚರ್ಚೆ ನಡೆಯುತ್ತದೆ. ಆ ಮಾತು ಬಂದ ಕೂಡಲೇ ನಾನು ಎದ್ದು ಮನೆಗೆ ಬಂದುಬಿಡುತ್ತೇನೆ. ವಾದಕ್ಕಿಳಿಯದ ಸಂಭಾವಿತ ಎಂದು ಜನ ನನ್ನನ್ನು ತಿಳಿದಿದ್ದಾರೆ. ನಿಜವೆಂದರೆ, ಈ ವಿಷಯದಲ್ಲಿ ನನ್ನ ಕುತ್ತಿಗೆಗೆ ಒಂದು ಅಭಿಪ್ರಾಯವಿದೆ, ತೊಡೆಗಳಿಗೆ ಇನ್ನೊಂದಿದೆ. ಎರಡನ್ನೂ ನಾಲ್ಕು ಜನರೆದುರು ಹೇಳುವಂತಿಲ್ಲ. ನಿಮ್ಮೆದುರು ಹೇಳಬಹುದು.

ನಮ್ಮ ಮನೆಯಲ್ಲಿದ್ದದ್ದು ಕಮಾನಿನ ಚಕ್ಕಡಿ. ಒಳಗೆ ದಪ್ಪಗೆ ಹುಲ್ಲು, ಅದರ ಮೇಲೆ ಜಮಖಾನೆ, ಒರಗಲಿಕ್ಕೆ ಲೋಡು. ಅದರಲ್ಲಿ ಎಷ್ಟು ಜನ ಹಿಡಿಸುತ್ತಾರೆಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಇನ್ನು ಸಾಕು ಎಂದು ಯಾರೂ ಯಾವತ್ತೂ ಅಂದಿಲ್ಲ. ಹಾನಗಲ್ಲಿಗೆ ಮದುವೆಗೆಂದು ಹೊರಟರೆ ಮನೆಮಂದಿಯ ಜೊತೆಗೆ ಓಣಿಯ ಮುದುಕಿಯರು, ಕುಂಬಳಕಾಯಿಗಳು, ದಾರಿಯಲ್ಲಿ ಕೈ ಅಡ್ಡ ಹಿಡಿದ ಅಯ್ಯನವರು, ಎಲ್ಲರೂ ಅದರೊಳಗೇ. ಮದುವೆಯಾದ ಮೇಲೆ ನಾನೂ ನನ್ನ ಹೆಂಡತಿಯೂ ಎಷ್ಟೋ ಸಲ ಅದರಲ್ಲಿ ಕೂಡಿಯೇ ಪ್ರಯಾಣ ಮಾಡಿದ್ದೇವೆ. ಅಂದರೆ ಆಕೆ ಹಿಂದೆ ಹೆಂಗಸರ ನಡುವೆ, ನಾನು ಮುಂದೆ ಎತ್ತಿನ ಬಾಲದ ಹತ್ತಿರ. ತುಂಬಿದ ಮನೆ ನಮ್ಮದು. ಹಗಲು ಹೊತ್ತು ಹೆಂಡತಿಯ ಮಗ್ಗುಲಲ್ಲಿ ಕೂಡುವುದು ಕಳವು ಮಾಡುವುದಕ್ಕಿಂತ ಕಷ್ಟ.

ಹೀಗಿರುವಾಗ ಹಿರೇಕೆರೂರಿನ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ ಚನ್ನಬಸಪ್ಪ, ಅರಳೆ ವ್ಯಾಪಾರದಲ್ಲಿ ಚಿಗಿತುಕೊಂಡು ಒಂದು ಮೋಟಾರು ತಂದರು. ಆಗಿನ್ನೂ ಎರಡನೆಯ ದೊಡ್ಡ ಲಡಾಯಿ ಶುರುವಾಗಿರಲಿಲ್ಲ, ಪೆಟ್ರೋಲು ಸಿಗುತ್ತಿತ್ತು. ಉದ್ದನೆಯ ಮೂತಿ, ತಗ್ಗಾದ ಮಾಡು, ಒಳಗೆ ಚರ್ಮದ ಮೆತ್ತನೆಯ ಎರಡೇ ಎರಡು ಆಸನ. ಬೆನ್ನ ಮೇಲಿನ ಮುಚ್ಚಳ ಎತ್ತಿದರೆ ಮೇಲೆ ಆಕಾಶವೇ ಮಾಡಾಗಿರುವ, ಒಬ್ಬರು ಮುದುಡಿ ಕೂಡುವಂಥ ಒಂದು ಗೂಡು. ಅದಕ್ಕೆ ಡಿಕ್ಕಿ ಎನ್ನುತ್ತಿದ್ದರು. ನಮ್ಮಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, “ಎರಡ ಮಂದಿ ಕುಂಡ್ರಾಕ ಇಷ್ಟ ಗದ್ದಲ ಯಾಕ ಬೇಕಲೇ ಇದಕ್ಕ?” ಎಂದರು. ನನಗೋ ಆ ಎರಡು ಆಸನಗಳ ನಡುವೆ ಯಾವ ಮುದುಕಿಯೂ ತೂರಲಾರಳು ಎಂಬುದೇ ಪರಮಾನಂದವಾಗಿತ್ತು.

ನನ್ನ ಹೆಂಡತಿ ಆಗ ಚೊಚ್ಚಲ ಬಾಣಂತಿಯಾಗಿ ತವರುಮನೆ ಸವಣೂರಿನಲ್ಲಿದ್ದಳು. ಆಕೆಯಿಲ್ಲದೆ ನನಗೆ ಊಟ ಸೇರುತ್ತಿರಲಿಲ್ಲ. ಇದನ್ನು ಹೇಳಲು ಈಗ ನಾಚಿಕೆಯೇನಿಲ್ಲ. ಅಮಾವಾಸ್ಯೆಯೊಳಗೆ ಕರೆದುಕೊಂಡು ಹೋಗಬೇಕೆಂದು ಅತ್ತೆ ಹೇಳಿಕಳಿಸಿದ್ದೇ ತಡ, ನಾನು ಷಡ್ಡಕರ ಬೆನ್ನುಹತ್ತಿ ಮೋಟಾರು ಹೊರಡಿಸಿದೆ. ಸವಣೂರಿನವರೆಗೂ ಮುಂದಿನ ಆಸನದಲ್ಲಿ ಕುಳಿತು, ಮರಳಿ ಬರುವಾಗಿನ ಸೊಗಸನ್ನೇ ನೆನೆಯುತ್ತ ಹೋದೆ: ಇಬ್ಬರೇ, ಭುಜಕ್ಕೆ ಭುಜ ತಾಗಿ, ಆಕೆಯ ತೊಡೆಯ ಮೇಲೆ ಕೂಸು.

ಅತ್ತೆ ಎತ್ತು ಕೊಳ್ಳುವವರ ಹಾಗೆ ಮೋಟಾರನ್ನು ಎಲ್ಲ ಕಡೆಯಿಂದ ನೋಡಿದರು. “ಯಾರ್ಯಾರು ಎಲ್ಲೆಲ್ಲಿ ಕುಂಡ್ರವ್ರ್ರಿ?” ಎಂದು ಕೇಳಿದರು.

“ಮುಂದ ನಾನು, ನಿಮ್ಮ ಮಗಳು,” ಎಂದೆ.

“ಮತ್ತ ಹೊಡಿಯವ್ರು?”

ನಾನು ಷಡ್ಡಕರ ಮುಖ ನೋಡಿದೆ. ದೇವರಾಣೆಗೂ ಅದು ನನಗೆ ಹೊಳೆದಿರಲೇ ಇಲ್ಲ. ಇಷ್ಟು ದಿನ ನನ್ನ ಕನಸಿನಲ್ಲಿ ಆ ಮೋಟಾರು ತಾನೇ ಓಡುತ್ತಿತ್ತು.

“ಹಂಗಾರ ಆಕಿ ಮುಂದ ಕುಂಡರ್ಲಿ, ನಾನು ಡಿಕ್ಕ್ಯಾಗ...”

“ಗಂಡ ಹಿಂದ ಡಬ್ಬ್ಯಾಗ, ಹೆಂಡ್ತಿ ಮುಂದ ಷಡ್ಡಕರ ಮಗ್ಗಲಕ! ಪ್ಯಾಟ್ಯಾಗ ಹಂಗ ಹೊಂಟ್ರ ಮಂದಿ ಏನಂದಾರು? ಬಾಣಂತೀನ ಡಿಕ್ಕ್ಯಾಗ ಕುಂಡರಸಿದ್ರ ಕಿವ್ಯಾಗ ಗಾಳಿ ಹೊಕ್ಕತೈತಿ. ಆಗೂದಿಲ್ಲ ಬಿಡ್ರಿ.”

ಇನ್ನೇನು ಈ ಅಮಾವಾಸ್ಯೆ ಕೈಬಿಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಗೆಜ್ಜೆಯ ಸಪ್ಪಳ. ನಮ್ಮದೇ ಚಕ್ಕಡಿ! ಹೊಡೆಯುವ ಫಕೀರಪ್ಪ ಕೆಳಗಿಳಿದು, “ದೊಡ್ಡಾವ್ರು ಕಳಿಸ್ಯಾರ್ರಿ. ಮೋಟಾರನ್ಯಾಗ ಹಿಡಸೂದು ಹಿಡಸ್ಲಿ, ಉಳಿದಿದ್ದು ತುಂಬ್ಕೊಂಡ ಬಾ ಅಂದಾರ,” ಎಂದ. ಉಳಿದದ್ದೆಂದರೆ ಎಲ್ಲವೂ. ಹೆಂಡತಿ, ಕೂಸು, ಬಾಣಂತಿಯ ಜೊತೆಗೆಂದು ಹೊರಟ ಆಕೆಯ ಸೋದರತ್ತೆ ನೀಲವ್ವ, ಹೋಳಿಗೆಯ ಬುಟ್ಟಿ, ವೀಳ್ಯದೆಲೆಯ ಪೆಂಡಿ, ಖಾರದ ಡಬ್ಬಿ. ನೀಲವ್ವ ಕಾಲು ಚಾಚಿದ ಮೇಲೂ ಒಬ್ಬರು ಮಲಗುವಷ್ಟು ಜಾಗ ಉಳಿಯಿತು, ಅದೂ ನನ್ನ ಹೆಂಡತಿಯ ಮಗ್ಗುಲಲ್ಲೇ. ನಾನು ಮೆಲ್ಲಗೆ ಕಾಲೆತ್ತಿ ಇಟ್ಟೆ.

ಆಕೆ ಸೆರಗಿನ ಮರೆಯಿಂದ ಪಿಸುಗುಟ್ಟಿದಳು. “ಚನ್ನಬಸಪ್ಪ ಮಾವಾರು ಒಬ್ಬರ ಹೊಂಟಾರಲ್ರಿ. ಹೇಳಿ ಕರಕೊಂಡ ಬಂದು ಹಂಗ ಬಿಟ್ಟರ ಅಕ್ಕ ನನಗ ಬೈತಾಳ. ನೀವು ಅದರಾಗ ಬರ್ರಿ.”

ಎತ್ತಿದ ಕಾಲು ಇಳಿಸಿದೆ. ಮೋಟಾರಿನ ಮುಂದಿನ ಆಸನದಲ್ಲಾದರೂ ಕೂಡೋಣವೆಂದರೆ ಅಲ್ಲಿ ಬಾಣಂತಿಗೆಂದು ಮಾಡಿದ ಅಂಟಿನುಂಡಿಯ ಬುಟ್ಟಿ ಬಂದು ಕುಳಿತಿತ್ತು. ಉಂಡಿಗೆ ಧೂಳು ಬೀಳಬಾರದಂತೆ. ನನಗೆ ಬಿದ್ದರೆ ಚಿಂತೆಯಿಲ್ಲ. ನಾನು ಡಿಕ್ಕಿ ಹತ್ತಿದೆ. ಆಗ ತವರಿನವರು ಚೊಚ್ಚಲ ಕೂಸಿಗೆ ಕೊಡುವ ತೊಟ್ಟಿಲು ಬಂತು. ಕೂಸು ಬರುವುದರೊಳಗೆ ಮನೆಯ ತೊಲೆಗೆ ಕಟ್ಟಬೇಕಲ್ಲ, ಅದು ಬೇಗ ಮುಟ್ಟಬೇಕು; ಅದನ್ನು ನನ್ನ ತೊಡೆಯ ಮೇಲಿಟ್ಟರು. ಬರಿದಾದ ತೊಟ್ಟಿಲು ಒಯ್ಯಬಾರದೆಂದು ಅತ್ತೆ ಒಳಗೆ ಹೋಗಿ, ಹೆಸರಿಡುವ ದಿನ ತೊಟ್ಟಿಲಲ್ಲಿ ಮಲಗಿಸಿದ್ದ ರುಬ್ಬುವ ಗುಂಡುಕಲ್ಲನ್ನೇ ತಂದು, ಕುಲಾಯಿ ತೊಡಿಸಿ, ದುಪಟಿ ಹೊದಿಸಿ ಅದರೊಳಗೆ ಮಲಗಿಸಿದರು. “ಸವಕಾಶ ಹಿಡ್ಕೋರಿ,” ಎಂದರು.

ಆ ರಸ್ತೆಯ ಪ್ರತಿಯೊಂದು ತೆಗ್ಗನ್ನೂ ಷಡ್ಡಕರ ಗಾಲಿ ನೋಡುವ ಮೊದಲೇ ಆ ಕಲ್ಲು ನನ್ನ ತೊಡೆಗೆ ತಿಳಿಸುತ್ತಿತ್ತು. ತೊಟ್ಟಿಲ ಅಂಚು ಗದ್ದಕ್ಕೆ ಒತ್ತುತ್ತಿದ್ದುದರಿಂದ ಕುತ್ತಿಗೆಯನ್ನು ಎಡಕ್ಕೆ ಹೊರಳಿಸಿ ದಾರಿಯುದ್ದಕ್ಕೂ ಹತ್ತಿಯ ಹೊಲ ನೋಡಿದೆ. ಮೊದಮೊದಲು ಹತ್ತಿಯೂ ಚೆನ್ನಾಗಿಯೇ ಕಾಣುತ್ತದೆ.

ಮನೆಯೆದುರು ಹಾರ್ನು ಕೇಳಿ ಓಣಿಗೆ ಓಣಿಯೇ ನೆರೆಯಿತು. ಅವ್ವ ಸಂಭ್ರಮದಿಂದ ಬಂದು ತೊಟ್ಟಿಲಿಗೆ ರೊಟ್ಟಿ ತುಣುಕು ನಿವಾಳಿಸಿ ಚೆಲ್ಲಿ, ನೀರು ಸುರುವಿ, ಕುಲಾಯಿ ಸರಿಸಿದಳು. ಸರಿಸಿದ ಕೈ ಅಲ್ಲೇ ನಿಂತಿತು. ಅಪ್ಪ ಹಿಂದಿನಿಂದ ಬಗ್ಗಿ ನೋಡಿ, “ಥೇಟ ಇವನ ಹಂಗ ಐತಿ,” ಎಂದರು.

ದೀಪ ಹಚ್ಚುವ ಹೊತ್ತಿಗೆ ಚಕ್ಕಡಿ ಬಂತು. ನನ್ನ ಹೆಂಡತಿ ದಾರಿಯುದ್ದಕ್ಕೂ ನಿದ್ದೆ ಮಾಡಿ, ಮುಡಿದ ಹೂವೂ ನಲುಗದಂತೆ ಇಳಿದಳು. ನಾನು ಜಗುಲಿಯ ಮೇಲೆ ಕುಳಿತಿದ್ದೆ. ಆಕೆ ಬಂದದ್ದು ಬಲಗಡೆಯಿಂದ. ನಾನು ಐದು ತಿಂಗಳು ಕಾದ ಮುಖ ಅಲ್ಲಿದೆ, ನನ್ನ ಕುತ್ತಿಗೆ ಎಡಕ್ಕೆ ಹಿಡಿದುಕೊಂಡು ಗೋಡೆಯನ್ನೇ ನೋಡುತ್ತಿದೆ.

“ಯಾಕ್ರಿ ಅತ್ತಿ, ನನ್ನ ಮ್ಯಾಲ ಸಿಟ್ಟಾಗ್ಯಾರೇನು? ಮಾರಿ ತಿರುವಿ ನೋಡವಲ್ಲರು,” ಎಂದು ಆಕೆ ಅವ್ವನನ್ನು ಕೇಳಿದ್ದು ಕಿವಿಗೆ ಬಿತ್ತು.

“ಸಿಟ್ಟಲ್ಲವಾ,” ಎಂದಳು ಅವ್ವ, “ಮೋಟಾರನ್ಯಾಗ ಆರಾಮಾಗಿ ಬಂದಾನ.”