ಮಾವನ ಮಲಗುವ ಸೈಕಲ್ಲು

ಮಲಗಿಕೊಂಡೇ ಹನ್ನೆರಡು ಮೈಲಿ ಸೈಕಲ್ ತುಳಿಯುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿ ಹಣೆ ಹಣೆ ಚಚ್ಚಿಕೊಂಡಿದ್ದೇನೆ! ಆತ ನನ್ನ ಸೋದರಮಾವ, ಅಮ್ಮನಿಗಿದ್ದ ಒಬ್ಬನೇ ಅಣ್ಣ.

ಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಅಪ್ಪ ತೀರಿಕೊಂಡ ಮೇಲೆ, ಪ್ರತಿ ಭಾನುವಾರ ಶಿವಮೊಗ್ಗಕ್ಕೆ ಸೈಕಲ್ಲಿನಲ್ಲಿ ಬಂದು ತಂಗಿಯ ಕೈಯಡುಗೆ ಉಂಡು ಹೋಗುವುದು ಅವನ ನೇಮ. ರೈಲಿನ ಹೊತ್ತು ಅವನ ಪಾಳಿಗೆ ಹೊಂದುತ್ತಿರಲಿಲ್ಲ. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಲಿನಲ್ಲಿ ಓಡುತ್ತಿದ್ದ ಬಸ್ಸೋ, ಹೊರಟರೂ ತಲುಪುವ ಭರವಸೆಯಿಲ್ಲ. ಅಂಥದ್ದರಲ್ಲಿ ಮನೆಯ ಹೆಂಚು ಸರಿಮಾಡಲು ಹತ್ತಿ, ಬಿದ್ದು, ಸೊಂಟ ಕೆಡಿಸಿಕೊಂಡ. ಇನ್ನು ಸೈಕಲ್ ಸೀಟಿನ ಮೇಲೆ ಕೂರಕೂಡದೆಂದರು ಡಾಕ್ಟರು.

ಕೂರಕೂಡದು ಅಂದರೆ ಮಲಗಬಹುದಲ್ಲ! ಮಾವ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಚಿತ್ರ ನೋಡಿದ್ದನಂತೆ. ಗುಜರಿ ಕೊಳವೆ ಬೆಸೆದು, ಮಂಚದ ನವಾರು ಬಿಗಿದು, ಪೆಡಲನ್ನು ಮುಂದಕ್ಕಿಟ್ಟು ಒಂದು ವಾಹನ ಕಟ್ಟಿಯೇಬಿಟ್ಟ. ಆದರೆ ಮೂವತ್ತು ವರ್ಷ ನೆಟ್ಟಗೆ ಕೂತು ತುಳಿದ ಮೈ ಕೇಳಬೇಕಲ್ಲ? ಏರು ಬಂದಾಗಲೆಲ್ಲ ಹಳೇ ಚಾಳಿಯಂತೆ ಎದ್ದು ನಿಂತು ತುಳಿಯಲು ಹೋಗಿ ನೆಲ ಕಚ್ಚುತ್ತಿದ್ದ. ರಜೆಗೆಂದು ಭದ್ರಾವತಿಗೆ ಹೋಗಿದ್ದ ನನಗೇ ಅವನನ್ನು ಎಬ್ಬಿಸಿ ಎಬ್ಬಿಸಿ ಸಾಕಾಯಿತು.

"ಯಾಕೆ ಮಾವ ಈ ಪಾಡು?"

"ಆಕಾಶ ಎಷ್ಟು ಚಂದ ಕಾಣ್ತದೆ ಗೊತ್ತೇನೋ ಮಾರಾಯ!"

"ರಸ್ತೆ?"

"ಅದೊಂದು ಕಾಣಲ್ಲ."

ಅಂತೂ ಒಂದು ಭಾನುವಾರ, ಬಿಸಿಲಿಗೆಂದು ಬಿಳಿ ಪಂಚೆ ಹೊದ್ದು, ಕಾಲು ಮುಂದಾಗಿ, ಮಾವ ನಮ್ಮ ಬೀದಿಗೆ ಬಂದ. ಅಂಗಡಿಯವರು ಎದ್ದು ನಿಂತರು. ದಾರಿಹೋಕರು ಚಪ್ಪಲಿ ಬಿಟ್ಟು ಕೈಮುಗಿದರು. "ಪಾಪ, ಯಾರ ಮನೇದೋ!" ಎಂದಳು ಹೂವಿನವಳು. ನಮಸ್ಕಾರಕ್ಕೆ ತಿರುಗಿ ನಮಸ್ಕರಿಸದಿರಲು ಮಾವನೇನು ಮರ್ಯಾದೆಗೆಟ್ಟವನೇ? ಹಿಡಿಕೆ ಬಿಟ್ಟು ಎರಡೂ ಕೈ ಜೋಡಿಸಿದ!

"ಅಯ್ಯಯ್ಯೋ, ಹೆಣ ಕೈಮುಗೀತು ಕಣ್ರೋ!"

ಜನ ದಿಕ್ಕಾಪಾಲು, ಮಾವ ಚರಂಡಿಪಾಲು.

ನಾನು ನಕ್ಕೆ. ಅಮ್ಮ ನಗಲಿಲ್ಲ. ಅಪ್ಪನನ್ನು ಹೊತ್ತುಕೊಂಡು ಹೋದದ್ದೂ ಅದೇ ಬೀದಿಯಲ್ಲಿ. "ಅಣ್ಣಾ, ಆ ಚಟ್ಟದ ಮೇಲೆ ನನ್ನ ಬಾಗಿಲಿಗೆ ಬರ್ಬೇಡ. ನನ್ನಿಂದ ನೋಡೋಕಾಗಲ್ಲ" ಎಂದು ಅತ್ತಳು. ಮಾವ ಊಟ ಮುಗಿಸಿ ಹೋದ.

ಮೂರು ಭಾನುವಾರ ಅವನ ಸುಳಿವಿಲ್ಲ. ಅಮ್ಮ ಅಡುಗೆ ಮಾಡುವುದು, ಎಲೆ ಹಾಕುವುದು, ಮಧ್ಯಾಹ್ನ ಕಳೆದ ಮೇಲೆ ಎಲೆ ತೆಗೆಯುವುದು. ಬಾ ಎನ್ನಲು ಬಾಯಿಲ್ಲ, ಬರದಿದ್ದರೆ ಅನ್ನ ಇಳಿಯದು. ನನಗಂತೂ ಮನೆಯೇ ಬೇಡವಾಗಿತ್ತು.

ನಾಲ್ಕನೆಯ ಭಾನುವಾರ ಗಂಟೆ ಕೇಳಿ ಹೊರಗೆ ಓಡಿದೆವು. ಮಾವ! ಹಳೇ ಸೈಕಲ್ಲಿನ ಮೇಲೆ, ನೆಟ್ಟಗೆ ಕೂತಿದ್ದಾನೆ. ಗೋಡೆಗೆ ಕೈ ಊರಿ ನಿಂತವನಿಗೆ ಇಳಿಯಲು ಆಗುತ್ತಿಲ್ಲ. ಮುಖದಲ್ಲಿ ರಕ್ತವಿಲ್ಲ. ನಾನೂ ಪಕ್ಕದ ಮನೆಯವರೂ ಸೇರಿ ಎತ್ತಿ ಇಳಿಸಿ ಜಗಲಿಯ ಮೇಲೆ ಮಲಗಿಸಿದೆವು.

"ನೋಡೇ, ಕೂತ್ಕೊಂಡೇ ಬಂದೆ" ಎಂದ, ಹಲ್ಲು ಕಚ್ಚಿಕೊಂಡು.

ಅಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಬೆವರೊರೆಸಿದಳು.

"ಮಲ್ಕೊಂಡೇ ಬಾರೋ ಅಣ್ಣಾ. ಊರು ಏನಾದ್ರೂ ಅಂದ್ಕೊಳ್ಲಿ. ನೀನು ಬಾ."