ಮಂಡಿಯೂರದ ಹೈನ್ರಿಷ್

ಆದದ್ದೆಲ್ಲ ಓಟ್ಮಾರನ ಬಲಮಂಡಿಯ ದೆಸೆಯಿಂದ. ಮೂವತ್ತು ವರ್ಷ ಊರವರ ಸಿಂಕುಗಳ ಕೆಳಗೆ ತೂರಿ ಪೈಪು ಬಿಗಿದ ಮಂಡಿ. ಜನವರಿ ಬಂತೆಂದರೆ ಕುಂಬಳಕಾಯಿಯ ಹಾಗೆ ಊದುತ್ತಿತ್ತು. ಜರ್ಮನಿಯ ಹಾರ್ಟ್ಸ್ ಬೆಟ್ಟದ ಆ ಪುಟ್ಟ ಊರಿನ ವರ್ಷಾವರ್ಷದ ನಾಟಕವೂ ಜನವರಿಯಲ್ಲೇ. ಒಂಬೈನೂರು ವರ್ಷಗಳ ಹಿಂದೆ ಪೋಪನೊಡನೆ ಜಗಳವಾಡಿ ಬಹಿಷ್ಕಾರ ಹಾಕಿಸಿಕೊಂಡ ಹೈನ್ರಿಷ್ ದೊರೆ, ಪೋಪ್ ತಂಗಿದ್ದ ಇಟಲಿಯ ಕನೋಸಾ ಕೋಟೆಯೆದುರು ಮೂರು ದಿನ ಹಿಮದಲ್ಲಿ ಬರಿಗಾಲಲ್ಲಿ ನಿಂತು, ಮಂಡಿಯೂರಿ ಕ್ಷಮೆ ಬೇಡಿದ ಕತೆ. ಆ ಹೇಡಿಯ ಪಾತ್ರ ಯಾರಿಗೂ ಬೇಡ. ಹಾಗಾಗಿ ಹನ್ನೊಂದು ವರ್ಷದಿಂದ ಅದು ಓಟ್ಮಾರನ ಪಾಲು. ಪೋಪ್ ಆಗುತ್ತಿದ್ದವನು ಅವನ ಹೆಂಡತಿಯ ತಮ್ಮ, ಮಾಂಸದಂಗಡಿಯ ಹಾಸ್ಸೊ.

ನಾಟಕದ ದಿನ ಬೆಳಿಗ್ಗೆ ಓಟ್ಮಾರ್ ಗ್ರಂಥಾಲಯದ ನಲ್ಲಿ ರಿಪೇರಿಗೆ ಹೋದಾಗ ಅಲ್ಲಿನ ಮೇಡಂ ಒಂದು ಹೊಸ ಪುಸ್ತಕ ಕೈಗಿಟ್ಟರು.

"ಓದಿ ನೋಡಿ. ನಿಮ್ಮ ದೊರೆ ಹೇಡಿ ಅಲ್ವಂತೆ, ಮಹಾ ಜಾಣನಂತೆ. ಬಗ್ಗಿ ಸಿಂಹಾಸನ ಉಳಿಸ್ಕೊಂಡ."

ಓಟ್ಮಾರ್ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತು, ಊದಿದ ಮಂಡಿ ನೀವಿಕೊಳ್ಳುತ್ತ ಓದಿದ. ಮಧ್ಯಾಹ್ನ ಮನೆಗೆ ಬಂದವನೇ ಘೋಷಿಸಿದ: "ಈ ಸಲ ನಾನು ಮಂಡಿಯೂರಲ್ಲ! ಸೋಲದವನು ಯಾಕೆ ಊರಬೇಕು?"

"ರೀ, ಊರವರ ಮುಂದೆ ಮಾನ ಕಳೀಬೇಡಿ," ಎಂದಳು ಹೆಂಡತಿ ಗೆರ್ಲಿಂಡೆ.

"ಕಳೆದಿರೋದು ಹೈನ್ರಿಷನ ಮಾನ ಕಣೇ, ಒಂಬೈನೂರು ವರ್ಷದಿಂದ!"

ಅವನು ಬಟಾಣಿ ಸೂಪು ಮುಗಿಸುವಷ್ಟರಲ್ಲಿ ಸುದ್ದಿ ಊರು ಸುತ್ತಿತ್ತು. ಪಕ್ಕದ ಮನೆಯ ವಾಲ್ಬುರ್ಗಜ್ಜಿ ಮುಲಾಮು ಹಿಡಿದು ಬಂದಳು. "ದೊರೆ ಹೇಡೀನೋ ಜಾಣನೋ, ನೀನು ಇದನ್ನ ಹಚ್ಕೋ. ಆಮೇಲೆ ತೆಪ್ಪಗೆ ಮಂಡಿಯೂರು."

ಮೂರು ಗಂಟೆಗೆ ಚೌಕದ ತುಂಬ ಜನ. ಪುರಭವನದ ಬಾಲ್ಕನಿಯಲ್ಲಿ ಬಿಳಿ ನಿಲುವಂಗಿಯ ಹಾಸ್ಸೊ ಗುಡುಗಿದ: "ಮಂಡಿಯೂರು, ಪಾಪಿ!"

"ಊರಲ್ಲ!"

ಪೋಪ್ ಬಾಲ್ಕನಿಯ ಕಟಕಟೆಯಿಂದ ಬಗ್ಗಿ ಪಿಸುಗುಟ್ಟಿದ: "ಭಾವಾ, ಏನಿದು? ಒಳಗೆ ಸಾಸೇಜು ಬೆಂದು ಒಡೀತಾ ಇದೆ. ಊರಿಬಿಡಿ, ಮುಗಿಸೋಣ."

"ಬಾಗಿಲು ತೆಗಿ. ನಿಂತೇ ಬರ್ತೀನಿ."

ಅರ್ಧ ಗಂಟೆ ಕಳೆಯಿತು. ಜನ ಸಿಳ್ಳೆ ಹಾಕಿದರು. ಒಂದು ಹಿಮದುಂಡೆ ಓಟ್ಮಾರನ ಕಿವಿಗೆ ಬಡಿಯಿತು. ಅವನ ಬರಿಪಾದಗಳು ಬೀಟ್‌ರೂಟ್ ಬಣ್ಣಕ್ಕೆ ತಿರುಗಿದವು. ಅವನು ಜನರತ್ತ ತಿರುಗಿ ಕೂಗಿದ:

"ಏಳೇ ವರ್ಷ ಕಣ್ರಯ್ಯಾ! ಏಳೇ ವರ್ಷಕ್ಕೆ ಇದೇ ಹೈನ್ರಿಷ್ ರೋಮಿಗೆ ದಂಡು ತಗೊಂಡ್ಹೋಗಿ ಚಕ್ರವರ್ತಿ ಆದ. ರೋಮ್ ಬಿಟ್ಟು ಓಡಿದ್ದು ಪೋಪು! ಹೇಳಿ, ಸೋತವನು ಯಾರು?"

ವಾಲ್ಬುರ್ಗಜ್ಜಿ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಊರಿಗೆ ಊರೇ ತಟ್ಟಿತು. ಹಾಸ್ಸೊ ಕೆಳಗಿಳಿದು ಬಂದು ಪುರಭವನದ ಬಾಗಿಲು ತೆರೆದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೈನ್ರಿಷ್ ನೆಟ್ಟಗೆ ನಡೆದು ಒಳಬಂದ. ಗೆರ್ಲಿಂಡೆ ಕಣ್ಣೊರೆಸಿಕೊಂಡಳು.

ಮೇಯರ್ ಫೋಲ್ಕ್‌ಮಾರ್ ಬಿಸಿ ದ್ರಾಕ್ಷಾರಸದ ಲೋಟ ಎತ್ತಿದರು. "ಹೈನ್ರಿಷ್ ವೀರ! ಮುಂದಿನ ವರ್ಷ ರೋಮ್ ಗೆದ್ದು ಕಿರೀಟ ತೊಡೋವರೆಗೂ ನಾಟಕ ಆಡೋಣ. ಬಿಳಿ ಕುದುರೇನೂ ತರಿಸೋಣ!"

ಕುದುರೆಯ ಮೇಲಾದರೆ ಮಂಡಿಗೂ ಸುಖ ಎಂದುಕೊಂಡ ಓಟ್ಮಾರ್. ಅಷ್ಟರಲ್ಲಿ ಹೈನ್ರಿಷ್ ಆಗಲು ಹದಿನಾಲ್ಕು ಕೈಗಳು ಮೇಲೆದ್ದವು. ಮೊದಲನೆಯದು ಹಾಸ್ಸೊನದು.

ಮೇಯರ್ ಕೆಮ್ಮಿದರು. "ಚಕ್ರವರ್ತಿ ಅಂದ್ಮೇಲೆ ಊರಿನ ಮುಖ್ಯಸ್ಥನೇ ಆಗ್ಬೇಕಲ್ವೇ?"

ಕೈಗಳು ಒಂದೊಂದಾಗಿ ಇಳಿದವು.

"ಹಾಗಾದ್ರೆ ನಾನು?" ಎಂದ ಓಟ್ಮಾರ್.

"ನಿಮ್ಮಷ್ಟು ಅನುಭವ ಯಾರಿಗಿದೆ ಓಟ್ಮಾರ್? ನೀವೇ ಪೋಪ್. ಓಡಿಹೋಗೋ ದೃಶ್ಯ ನಿಮ್ಮದು. ಬರಿಗಾಲಲ್ಲೇ ಓಡಿ, ಜನಕ್ಕೆ ಅದೇ ಇಷ್ಟ."

"ಓಡಲ್ಲ!" ಎಂದು ಕಿರುಚಿದ ಓಟ್ಮಾರ್.

ಯಾರಿಗೂ ಕೇಳಿಸಲಿಲ್ಲ. ಹಾಸ್ಸೊ ಆಗಲೇ ತನ್ನ ನಿಲುವಂಗಿ ಬಿಚ್ಚಿ ಭಾವನ ತಲೆಯ ಮೇಲಿಂದ ಇಳಿಬಿಡುತ್ತಿದ್ದ.