ಅನುಮತಿ ಇಲ್ಲದ ಒಂದು ಮತ

ಬೈಲಹೊಂಗಲ ತಾಲೂಕಿನಲ್ಲಿ ಅಖಿಲ ಭಾರತ ಸಮಗ್ರ ಕಲ್ಯಾಣ ಪಕ್ಷಕ್ಕೆ ಆರು ಸಾವಿರದ ಮುನ್ನೂರಾ ಆರು ಮಂದಿ ಸದಸ್ಯರಿದ್ದು, ಅವರೆಲ್ಲರೂ ಪಕ್ಷನಿಷ್ಠರು. ಪಕ್ಷದ ರಾಷ್ಟ್ರೀಯ ಅಧ್ಯಕ್ಷರೂ ಈ ಕ್ಷೇತ್ರದ ಲೋಕಸಭಾ ಅಭ್ಯರ್ಥಿಯೂ ಆದ ಬಾಳೇಶ ಸಾಹೇಬರಿಗೆ ಈ ಸಲ ಮತ ಹಾಕಬಾರದು ಎಂಬುದು ಅವರ ಪೈಕಿ ಬಹಳ ಜನರ ಅಭಿಪ್ರಾಯವಾಗಿತ್ತು. ಈ ಎರಡು ಮಾತಿನ ನಡುವೆ ತಾಳಮೇಳ ಇಲ್ಲ ಎನ್ನುವವರನ್ನು ಹೊರಗಿನವರೆಂದು ತಿಳಿಯತಕ್ಕದ್ದು.

ಕಾರಣ ಸಣ್ಣದೇನಲ್ಲ. ಸಾಹೇಬರು ಮನೆಗೆ ಬಂದು ಕರೆದಿರಲಿಲ್ಲ. ಈ ಕಡೆ ಮದುವೆಯಿರಲಿ, ಮಗುವಿನ ಕೂದಲು ತೆಗೆಸುವ ಜಾವಳವಿರಲಿ, ಹೊಸ ಬೋರವೆಲ್ಲಿಗೆ ಕಾಯಿ ಒಡೆಯುವುದಿರಲಿ, ಹೊಸ್ತಿಲ ತನಕ ಬಂದು, ಕೈಯಲ್ಲಿ ನಾಲ್ಕು ಅಕ್ಕಿಕಾಳು ಇಟ್ಟು, "ಮನಿ ಮಂದಿ ಎಲ್ಲಾ ತಪ್ಪದ ಬರ್ರಿ" ಅಂದರೆ ಮಾತ್ರ ಅದು ಕರೆ. ಉಳಿದದ್ದೆಲ್ಲ ಬರೀ ಸುದ್ದಿ. ಸಾಹೇಬರು ಮೂರು ಸಲ ಆರಿಸಿ ಹೋದವರು. ಹೋದ ಐದು ವರ್ಷದಲ್ಲಿ ಬೈಲಹೊಂಗಲಕ್ಕೆ ಒಮ್ಮೆ ಬಂದಿದ್ದರು, ಅದೂ ಡ್ರೈವರ್ ದಾರಿ ತಪ್ಪಿದ್ದರಿಂದ. ಈಗ ದಿಲ್ಲಿಯಲ್ಲಿ ಕುಂತು ಒಂದು ವಿಡಿಯೊ ಮಾಡಿ ಎಲ್ಲರ ಮೊಬೈಲಿಗೆ ಬಿಟ್ಟು ಮತ ಕೇಳಿದ್ದರು.

"ಮೊಬೈಲನ್ಯಾಗ ಕೇಳ್ಯಾರ, ಮೊಬೈಲನ್ಯಾಗ ಹಾಕತೇನಿ ಬಿಡ್ರಿ ಓಟ," ಎಂದು ಬೆಲ್ಲದ ವ್ಯಾಪಾರಿ ಮಡಿವಾಳೆಪ್ಪ ಪೇಟೆಯಲ್ಲಿ ನಿಂತು ಸಾರಿದ. ಅವನ ಅಪ್ಪ, ಅಜ್ಜ, ಎಲ್ಲ ಇದೇ ಪಕ್ಷದವರು.

ಈ ಮಾತು ಕೇಳಿ ಎದೆ ಧಸಕ್ಕಂದದ್ದು ಪಕ್ಷದ ತಾಲೂಕು ಕಾರ್ಯದರ್ಶಿ ಅಂದಾನೆಪ್ಪನಿಗೆ. ಇಪ್ಪತ್ತೇಳು ವರ್ಷದಿಂದ ಆ ಕುರ್ಚಿಯಲ್ಲಿ ಕುಂತವನು ಅವನು. ಭಾಷಣ ಬರುತ್ತಿರಲಿಲ್ಲ, ಘೋಷಣೆ ಕೂಗಿದರೆ ಕೆಮ್ಮು ಬರುತ್ತಿತ್ತು. ಆದರೆ ಕರೆಯುವ ಕಲೆ ಮಾತ್ರ ಅವನ ಹಾಗೆ ಯಾರಿಗೂ ಇರಲಿಲ್ಲ. ಊರ ಅರ್ಧ ಮದುವೆಗಳಿಗೆ ಅವನೇ ಮನೆಮನೆಗೆ ಹೋಗಿ ಕರೆದು ಬಂದಿದ್ದ. ಅಂದಾನೆಪ್ಪ ಕರೆದ ಮದುವೆಗೆ ಜಗಳ ಆಡಿದ ಬೀಗರೂ ಬರುತ್ತಿದ್ದರು. ಆ ಕುರ್ಚಿ ಬಿಟ್ಟರೆ ಅವನಿಗೆ ಬೇರೆ ಮರ್ಯಾದೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಪಕ್ಷದ ಜಿಲ್ಲಾ ಶಿಸ್ತು ಸಮಿತಿಗೆ ತ್ರ್ಯಂಬಕರಾಯರು ಅಧ್ಯಕ್ಷರು. ಶಿರಸ್ತೇದಾರರಾಗಿ ನಿವೃತ್ತರಾದವರು, ನಿಯಮವಿಲ್ಲದೆ ಸೀನುವುದೂ ಅವರಿಗೆ ಒಗ್ಗುತ್ತಿರಲಿಲ್ಲ. ತಾಲೂಕಿನ ಅಸಮಾಧಾನ ಕಿವಿಗೆ ಬಿದ್ದ ಕೂಡಲೇ ಅವರು ಒಂದು ಸುತ್ತೋಲೆ ಹೊರಡಿಸಿದರು:

"ಪಕ್ಷದಲ್ಲಿ ಇದ್ದುಕೊಂಡೇ ಪಕ್ಷದ ನಾಯಕರನ್ನು ವಿರೋಧಿಸಬಯಸುವ ಸದಸ್ಯರು ಪೂರ್ವಾನುಮತಿ ಪಡೆಯತಕ್ಕದ್ದು. ಸದರಿ ಅನುಮತಿಯನ್ನು ತಾಲೂಕು ಕಾರ್ಯದರ್ಶಿಯವರು ಸದಸ್ಯರ ಮನೆಗೆ ಖುದ್ದಾಗಿ ತೆರಳಿ, ವಿಚಾರಿಸಿ, ನಮೂನೆ ಏಳರಲ್ಲಿ ನೀಡತಕ್ಕದ್ದು. ವಿರೋಧವು ಒಟ್ಟು ಸದಸ್ಯರ ಶೇಕಡಾ ಹತ್ತನ್ನು ಮೀರತಕ್ಕದ್ದಲ್ಲ. ಮೀರಿದಲ್ಲಿ ಕಾರ್ಯದರ್ಶಿಯವರು ತಮ್ಮ ಹುದ್ದೆಯಿಂದ ಮುಕ್ತರಾಗಿದ್ದಾರೆಂದು ಭಾವಿಸತಕ್ಕದ್ದು."

ಅಂದಾನೆಪ್ಪ ಅದನ್ನು ಮೂರು ಸಲ ಓದಿ ಫೋನ್ ಮಾಡಿದ. "ರಾಯರ, ವಿರೋಧ ಮಾಡಬ್ಯಾಡ್ರಿ ಅಂತ ಹೇಳಿದ್ರ ಸಾಕಿತ್ತಲ್ರಿ?"

"ಹಾಂಗ ಹೇಳಲಿಕ್ಕೆ ನಿಯಮದಾಗ ಅವಕಾಶ ಇಲ್ಲ, ಅಂದಾನೆಪ್ಪ. ತಡೀಲಿಕ್ಕೆ ಆಗೂದಿಲ್ಲ ಅಂದಮ್ಯಾಲೆ ಅದನ್ನ ನೋಂದಣಿ ಮಾಡಿಸಿಬಿಡಬೇಕು. ನಾ ಮೂವತ್ನಾಲ್ಕು ವರ್ಷ ಅದನ್ನೇ ಮಾಡೇನಿ," ಎಂದರು ರಾಯರು.

ಮರುದಿನ ಅಂದಾನೆಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಚೀಲದಲ್ಲಿ ನಮೂನೆ ಏಳು ತುಂಬಿಕೊಂಡು ಹೊರಟ. ಮೊದಲ ಮನೆ ಮಡಿವಾಳೆಪ್ಪನದೇ. ಅರ್ಜಿ ತುಂಬಿಸಿ, ಸಹಿ ತಗೊಂಡು, ಠಸ್ಸೆ ಒತ್ತಿ ಏಳುವ ಹೊತ್ತಿಗೆ ಇಪ್ಪತ್ತೇಳು ವರ್ಷದ ರೂಢಿ ನಾಲಿಗೆಗೆ ಬಂತು. ಎರಡೂ ಕೈ ಜೋಡಿಸಿ, "ಮನಿ ಮಂದಿ ಎಲ್ಲಾ ತಪ್ಪದ ಬರ್ರಿ" ಅಂದುಬಿಟ್ಟ.

ಮಡಿವಾಳೆಪ್ಪನ ಮುಖ ಅರಳಿತು. ಅವನಿಗೆ ಇದ್ದದ್ದು ಒಂದು ಸಿಟ್ಟು. ಈಗ ಅದಕ್ಕೊಂದು ಕರೆಯೂ ಬಂತು. "ಇಷ್ಟು ಬಾಯಿ ತುಂಬ ಕರದಮ್ಯಾಲೆ ನಾ ಒಬ್ಬನ ಹ್ಯಾಂಗ ಬರಲಿ? ನನ್ನ ಹೇಂತಿ, ಇಬ್ಬರು ತಮ್ಮಂದಿರು, ಅವರ ಹೇಂತಿಗೋಳು, ಎಲ್ಲಾರೂ ವಿರೋಧ ಮಾಡತೇವಿ. ಇನ್ನೂ ಐದು ಅರ್ಜಿ ಇಟ್ಟು ಹೋಗ್ರಿ. ಚಾ ಕುಡದ ಹೋಗಬೇಕ ಮತ್ತ!"

ಒಂದು ಮನೆಗೆ ಹೋಗಿ ಬಾಜೂ ಮನೆ ದಾಟಿ ಹೋಗುವ ಧೈರ್ಯ ಈ ಊರಲ್ಲಿ ಯಾರಿಗೂ ಇಲ್ಲ. ಬಾಜೂ ಮನೆಯವರಿಗೆ ಸಾಹೇಬರ ಮೇಲೆ ಸಿಟ್ಟೇನೂ ಇರಲಿಲ್ಲ. ಅವರು ಸಾಹೇಬರಿಗೇ ಹಾಕುವವರಿದ್ದರು. ಆದರೂ ಹಿರಿಯರು ಕಟ್ಟೆಯ ಮೇಲೆ ಬಂದು ನಿಂತು ಕೇಳಿದರು: "ಯಾಕಪಾ ಅಂದಾನೆಪ್ಪ, ನಾವು ವಿರೋಧ ಮಾಡೂವಷ್ಟು ದೊಡ್ಡವರಲ್ಲೇನು?" ಅಂದಾನೆಪ್ಪ ತಿರುಗಿ ಬಂದ. ಅಲ್ಲಿಯೂ ಕೈ ಜೋಡಿಸಿದ, ಅಲ್ಲಿಯೂ ಅರ್ಧ ಕಪ್ಪು ಚಹಾ ಕುಡಿದ. ಆ ಓಣಿ ಮುಗಿಯುವುದರೊಳಗೆ ತೊಂಬತ್ತೊಂದು ಅರ್ಜಿ, ಹದಿನೆಂಟು ಅರ್ಧ ಕಪ್ಪು ಆಗಿದ್ದವು.

ಐದನೆಯ ದಿನಕ್ಕೆ ಶೇಕಡಾ ಹತ್ತು ತುಂಬಿತು. ಅಂದಾನೆಪ್ಪ ಮನೆಗೆ ಬಂದು ಚೀಲ ಬಿಸಾಕಿ ಗೋಡೆಗೆ ಒರಗಿದ. "ಇನ್ನೊಂದು ಅರ್ಜಿ ಕೊಟ್ರ ನನ್ನ ಕುರ್ಚಿ ಹೋತು, ಯಲ್ಲವ್ವಾ. ಕೊಡದಿದ್ರ ಅರ್ಧ ಊರು ನನ್ನ ಮಾರಿ ನೋಡೂದಿಲ್ಲ."

ಹೆಂಡತಿ ಯಲ್ಲವ್ವ ಪಕ್ಷದ ಮಹಿಳಾ ಘಟಕದ ಉಪಾಧ್ಯಕ್ಷೆ. ರೊಟ್ಟಿ ಬಡಿಯುತ್ತಲೇ ಅಂದಳು: "ಊರ ಸುದ್ದಿ ಆಮ್ಯಾಲೆ. ನನ್ನ ಯಾವಾಗ ಕರಿಯೂದು?"

"ನೀನು ಮನಿಯಾಕಿನ ಅಲ್ಲೇನ? ತಗೋ ಅರ್ಜಿ, ಇಲ್ಲೇ ಐತಿ."

"ಹಂಗ ಕೈಯಾಗ ತುರುಕಬ್ಯಾಡ್ರಿ. ಹೊರಗ ಹೋಗಿ, ಬಾಗಲಾ ಬಡದು, ಒಳಗ ಬಂದು ಕರೀರಿ. ಆ ಮಡಿವಾಳೆಪ್ಪನ ಹೇಂತಿಗೆ ಆದ ಮರ್ಯಾದಿ ನನಗಿಲ್ಲೇನು?"

ಅಂದಾನೆಪ್ಪ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿ, ಬಾಗಿಲು ಬಡಿದು, ಒಳಗೆ ಬಂದು, ಹೆಂಡತಿಯನ್ನು ಪಕ್ಷದ ನಾಯಕರ ವಿರೋಧಕ್ಕೆ ಕ್ರಮಬದ್ಧವಾಗಿ ಆಹ್ವಾನಿಸಿದ. ಆಕೆ ಸೆರಗು ಸರಿಮಾಡಿಕೊಂಡು ಸಹಿ ಹಾಕಿದಳು. ಅಲ್ಲಿಗೆ ಶೇಕಡಾ ಹತ್ತು ಒಂದು ಹೆಸರಿನಿಂದ ಮೀರಿತು.

ಕುರ್ಚಿ ಹೋಯಿತೆಂದೇ ತಿಳಿದು ಅಂದಾನೆಪ್ಪ ಆ ಸಂಜೆ ರಾಯರಿಗೆ ಎಲ್ಲ ಒಪ್ಪಿಸಿದ. ರಾಯರು ಅರ್ಧ ತಾಸು ಸುತ್ತೋಲೆಯನ್ನು ತಿರುವಿಹಾಕಿ ಮರಳಿ ಫೋನ್ ಮಾಡಿದರು. ಅರ್ಜಿಯ ಮೇಲೆ ಪಕ್ಷದ ಠಸ್ಸೆ ಇರುವುದರಿಂದ ವಿರೋಧವು ಪಕ್ಷದ ಅಧಿಕೃತ ಕಾರ್ಯಕ್ರಮವೇ ಆಗುತ್ತದೆ, ಅಧಿಕೃತ ಕಾರ್ಯಕ್ರಮಕ್ಕೆ ಜನ ಹೆಚ್ಚಾದರೆ ಕಾರ್ಯದರ್ಶಿಯನ್ನು ತೆಗೆಯುವ ರೂಢಿ ಪಕ್ಷದಲ್ಲಿಲ್ಲ ಎಂದು ತಿಳಿಸಿದರು. ಮಾತಿಗೆ ತಕ್ಕಂತೆ ತಿದ್ದುಪಡಿಯೂ ಬಂತು: ಶೇಕಡಾ ಹತ್ತು ಇದ್ದಲ್ಲಿ ಶೇಕಡಾ ನೂರು ಎಂದು ಓದಿಕೊಳ್ಳತಕ್ಕದ್ದು, ಅದಕ್ಕಿಂತ ಕಡಿಮೆಯಾದಲ್ಲಿ ಕಾರ್ಯದರ್ಶಿಯವರು ಮುಕ್ತರಾಗಿದ್ದಾರೆಂದು ಭಾವಿಸತಕ್ಕದ್ದು.

ದಿಲ್ಲಿಯಲ್ಲಿದ್ದ ಸಾಹೇಬರಿಗೆ ಇದು ತಿಳಿಯದೆ ಇರಲಿಲ್ಲ. ಅವರು ಪತ್ರಿಕಾ ಹೇಳಿಕೆ ಕೊಟ್ಟರು: "ನನ್ನ ವಿರೋಧಕ್ಕೇ ಇಷ್ಟು ಜನ ಸೇರುತ್ತಾರೆಂದರೆ ನನ್ನ ಜನಪ್ರಿಯತೆಗೆ ಬೇರೆ ಸಾಕ್ಷಿ ಬೇಕೆ?"

ಸುತ್ತಲಿನ ತಾಲೂಕುಗಳಲ್ಲಿ ತೊಂದರೆಯಾಯಿತು. ಸವದತ್ತಿಯ ಕಾರ್ಯದರ್ಶಿ ಬಿಸಿಲಿಗೆ ಹೆದರಿ ಅರ್ಜಿಗಳನ್ನು ವಾಟ್ಸಾಪಿನಲ್ಲಿ ಕಳಿಸಿಬಿಟ್ಟ. ಅದೇ ತಾಲೂಕಿನ ಮನೋಳಿಯ ಸುಂದರವ್ವ ಹೊಳೆದಂಡೆಯ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ ಗುಡುಗಿದಳು: "ಬೈಲಹೊಂಗಲದವರನ್ನ ಮನಿಗೆ ಹೋಗಿ ಕರದಾರ, ನಮಗ ಮೊಬೈಲನ್ಯಾಗ ಒಗದಾರ. ನಾವೇನ್ ಬಿದ್ದವರೇನು? ವಿರೋಧ ಮಾಡಂಗಿಲ್ಲ ಹೋಗ್ರಿ. ಸಾಹೇಬಗ ಹಾಕತೇವಿ, ಏನ್ ಮಾಡತೀರಿ ಮಾಡ್ರಿ!" ರಾಮದುರ್ಗದ ಕಟಕೋಳದಿಂದಲೂ ಇಂಥದೇ ಬೆದರಿಕೆ ಬಂತು. ಇಷ್ಟು ಮಂದಿ ಏಕಾಏಕಿ ಪಕ್ಷದ ನಾಯಕರಿಗೆ ಮತ ಹಾಕಿದರೆ ಶಿಸ್ತು ಉಳಿಯುವುದಿಲ್ಲವೆಂದು ರಾಯರು ಗಾಬರಿಯಾಗಿ ಅಂದಾನೆಪ್ಪನನ್ನು ಎರಡು ದಿನದ ಮಟ್ಟಿಗೆ ಆ ಕಡೆ ನಿಯೋಜಿಸಿದರು. ಅವನು ಹೋಗಿ, ಕೈ ಜೋಡಿಸಿ, ಅಕ್ಕಿಕಾಳು ಕೊಟ್ಟು, ಎಲ್ಲರನ್ನೂ ಸಮಾಧಾನ ಮಾಡಿ ವಿರೋಧಕ್ಕೆ ಒಪ್ಪಿಸಿ ಬಂದ.

ಕಿತ್ತೂರಿನವರ ಮತ ಬೇರೆ ಲೋಕಸಭಾ ಕ್ಷೇತ್ರಕ್ಕೆ ಹೋಗುತ್ತದೆ. ಸಾಹೇಬರನ್ನು ವಿರೋಧಿಸಲು ಅವರಿಗೆ ಸಾಧ್ಯವೇ ಇರಲಿಲ್ಲ. ಆದರೂ ಆ ಕಡೆಯ ದೇಗಾಂವದಿಂದ ಅರವತ್ತು ಮಂದಿ ಬಂದು, "ಬೀಗತನ ಐತಿ, ನಮ್ಮನ್ನ ಬಿಟ್ಟು ಮಾಡಬ್ಯಾಡ್ರಿ" ಎಂದು ಕೇಳಿಕೊಂಡರು. ಅವರಿಗೆ ಗೌರವ ಅನುಮತಿ ನೀಡಲಾಯಿತು.

ಮತದಾನದ ಹಿಂದಿನ ದಿನ ಆರು ಸಾವಿರದ ಮುನ್ನೂರಾ ಐದು ಅನುಮತಿಗಳು ವಿತರಣೆಯಾಗಿದ್ದವು. ಉಳಿದ ಒಂದು ಹೆಸರು ಕಾರ್ಯದರ್ಶಿಯದೇ.

"ನಿಮ್ಮನ್ನ ನಾ ಕರೀಲೇನು?" ಎಂದು ಯಲ್ಲವ್ವ ಕೇಳಿದಳು.

"ಕಾರ್ಯದರ್ಶಿನ ಖುದ್ದ ಹೋಗಿ ಕರೀಬೇಕಂತ ನಿಯಮ ಐತಿ. ನನ್ನ ನಾನ ಹ್ಯಾಂಗ ಕರಕೊಳ್ಳಲಿ?" ಎಂದು ನಕ್ಕ ಅಂದಾನೆಪ್ಪ. ನಗು ಬಾಯಲ್ಲಿತ್ತಷ್ಟೆ. ಒಳಗೆ ಅವನಿಗೆ ಬಹಳ ಕೆಡುಕೆನಿಸಿತ್ತು. ಎರಡು ಸಾವಿರ ಹೊಸ್ತಿಲು ಹತ್ತಿ ಇಳಿದಿದ್ದ. ಅಷ್ಟು ಮನೆಯವರಲ್ಲಿ ಒಬ್ಬರಾದರೂ, ಅಂದಾನೆಪ್ಪ, ನೀನೂ ಬಾರಪಾ, ಅಂದಿರಲಿಲ್ಲ.

ಮತದಾನದ ದಿನ ಜನ ಮದುವೆಗೆ ಹೊರಟವರ ಹಾಗೆ ಹೊಸ ಸೀರೆ ಉಟ್ಟು, ಬಿಳಿ ಟೊಪ್ಪಿಗೆ ಹಾಕಿ ಬಂದರು. ಅಂದಾನೆಪ್ಪ ನೂರಾ ಹನ್ನೆರಡನೇ ಮತಗಟ್ಟೆಯ ಸಾಲಿನಲ್ಲಿ ಎಲ್ಲರಿಗೂ ನಮಸ್ಕಾರ ಮಾಡುತ್ತ ನಿಂತ. ಒಳಗೆ ಯಂತ್ರದ ಮುಂದೆ ಒಬ್ಬನೇ ಆದಾಗ ಕೈ ನಿಂತಿತು. ಅಷ್ಟೂ ಮಂದಿ ವಿರೋಧ ಮಾಡುತ್ತಿದ್ದಾರೆ, ನಿಜ. ಆದರೆ ಕರೆಯದ ಕಾರ್ಯಕ್ಕೆ ಹೋಗುವ ಮನೆತನ ತನ್ನದಲ್ಲ. ಅವನು ಸಾಹೇಬರ ಹೆಸರಿನ ಮುಂದಿನ ಗುಂಡಿ ಒತ್ತಿ, ಕಣ್ಣು ಒರಸಿಕೊಂಡು ಹೊರಗೆ ಬಂದ.

ಸಾಹೇಬರು ಸೋತರು. ಪಕ್ಷವು ತನ್ನ ಅಧಿಕೃತ ವಿರೋಧ ಕಾರ್ಯಕ್ರಮ ಐತಿಹಾಸಿಕ ಯಶಸ್ಸು ಕಂಡಿತೆಂದು ಪ್ರಕಟಣೆ ಹೊರಡಿಸಿ, ಪಟಾಕಿ ಹಾರಿಸಿ, ಪೇಢೆ ಹಂಚಿತು. ಸಾಹೇಬರೂ ಒಂದು ಪೇಢೆ ತಿಂದರು. ಆದರೆ ನೂರಾ ಹನ್ನೆರಡನೇ ಮತಗಟ್ಟೆಯಲ್ಲಿ ಸಾಹೇಬರಿಗೆ ಒಂದು ಮತ ಬಿದ್ದದ್ದು ರಾಯರ ಕಣ್ಣಿಗೆ ಬಿತ್ತು. ಶೇಕಡಾ ನೂರು ಆಗಿರಲಿಲ್ಲ. ಪಕ್ಷದ ಸದಸ್ಯರಲ್ಲಿ ಅನುಮತಿ ಇಲ್ಲದವನು ಒಬ್ಬನೇ ಇದ್ದುದರಿಂದ ವಿಚಾರಣೆ ಬಹಳ ಹೊತ್ತು ಹಿಡಿಯಲಿಲ್ಲ.

"ಆ ಮತ ನಿಮ್ಮದ?" ಎಂದರು ರಾಯರು.

"ಹೌದ್ರಿ."

"ಇಪ್ಪತ್ತೇಳು ವರ್ಷ ಪಕ್ಷದಾಗ ಇದ್ದು, ಪಕ್ಷದ ಅಭ್ಯರ್ಥಿಗೆ ಹಾಕಲಿಕ್ಕೆ ಮನಸ್ಸು ಹ್ಯಾಂಗ ಬಂತು?"

"ವಿರೋಧಕ್ಕ ನನ್ನ ಯಾರೂ ಕರೀಲಿಲ್ರಿ ರಾಯರ."

ರಾಯರು ಪೆನ್ನು ಕೆಳಗಿಟ್ಟರು. ಮತ್ತೆ ಅದನ್ನೇ ಎತ್ತಿಕೊಂಡರು. ಕಾರಣ ಸಹಜವಾದದ್ದೆಂದೂ, ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲವೆಂದೂ ಬರೆದು, ಅಂದಾನೆಪ್ಪನನ್ನು ಆರು ವರ್ಷ ಪಕ್ಷದಿಂದ ಉಚ್ಚಾಟಿಸಿದರು. ಪದಾಧಿಕಾರಿಯ ಉಚ್ಚಾಟನೆ ಪತ್ರವನ್ನು ರಾಷ್ಟ್ರೀಯ ಅಧ್ಯಕ್ಷರೇ ಖುದ್ದಾಗಿ ಅವನ ಮನೆಗೆ ಹೋಗಿ ಕೊಡತಕ್ಕದ್ದು ಎಂಬ ನಿಯಮ ಹಳೆಯ ಕಡತದಲ್ಲಿತ್ತು. ಸಾಹೇಬರಿಗೆ ಈಗ ಪುರುಸೊತ್ತಿತ್ತು.

ಒಂದು ಮುಂಜಾನೆ ಅಂದಾನೆಪ್ಪನ ಬಾಗಿಲಲ್ಲಿ ಸಾಕ್ಷಾತ್ ಬಾಳೇಶ ಸಾಹೇಬರು ನಿಂತಿದ್ದರು, ಅವರ ಹಿಂದೆ ರಾಯರು. ಯಲ್ಲವ್ವ ಓಡಿ ಹೋಗಿ ಕಾಲಿಗೆ ನೀರು ತಂದಳು. ಸಾಹೇಬರು ಜಮಖಾನದ ಮೇಲೆ ಕುಂತು, ಅವಲಕ್ಕಿ ತಿಂದು, ಚಹಾ ಕುಡಿದು, ಎರಡೂ ಕೈಯಿಂದ ಪತ್ರ ಕೊಟ್ಟು, "ನಿಮ್ಮನ್ನ ತಗದೇನಿ, ಅಂದಾನೆಪ್ಪ. ತಪ್ಪ ತಿಳ್ಕೋಬ್ಯಾಡ್ರಿ" ಎಂದರು.

"ಛೇ ಛೇ, ಸಾಹೇಬ್ರ! ಮನಿಗೆ ಬಂದು ತಗದೀರಿ, ಇದಕ್ಕಿಂತ ಏನ್ ಬೇಕ್ರಿ ನಮಗ?" ಎಂದ ಅಂದಾನೆಪ್ಪ. ನಿಜಕ್ಕೂ ಅವನಿಗೆ ಹಿಗ್ಗು ತಡೆಯಲಾಗಿರಲಿಲ್ಲ.

ಸಾಹೇಬರು ಎದ್ದು ಕಾರಿನ ಕಡೆ ನಡೆದರು. ಎದುರಿಗೆ ಮಡಿವಾಳೆಪ್ಪ ಕೈ ಕಟ್ಟಿ ನಿಂತಿದ್ದ. ಅವನ ಹಿಂದೆ ಓಣಿಗೆ ಓಣಿಯೇ ನಿಂತಿತ್ತು.

"ಸಾಹೇಬ್ರ, ಇದೇನ್ ನ್ಯಾಯ? ಅವರ ಮನಿಗೆ ಬಂದು ತಗದು, ನಮ್ಮ ಮನಿ ದಾಟಿ ಹೊಂಟೀರಲ್ಲ! ನಾವು ಅವರಿಗಿಂತ ಕಡಿಮೀನೇನು?"

ಸಾಹೇಬರು ರಾಯರ ಕಡೆ ನೋಡಿದರು. ರಾಯರು ನಿಯಮದ ಪುಸ್ತಕ ತೆಗೆದರು. ಅವಕಾಶವಿತ್ತು.

ಹದಿನೇಳು ದಿನ ಸಾಹೇಬರು ಬೈಲಹೊಂಗಲ ತಾಲೂಕಿನಲ್ಲಿಯೇ ಬೀಡುಬಿಟ್ಟು, ಒಂದೂ ಮನೆ ಬಿಡದೆ ಹೋಗಿ, ಚಹಾ ಕುಡಿದು, ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಉಚ್ಚಾಟಿಸಿದರು. ಯಾವ ಮನೆಗೆ ಮೊದಲು, ಯಾವ ಮನೆಗೆ ಆಮೇಲೆ ಎಂಬುದು ಗೊತ್ತಿದ್ದವನು ಅಂದಾನೆಪ್ಪ ಒಬ್ಬನೇ ಆದ್ದರಿಂದ ಪತ್ರದ ಚೀಲ ಹೆಗಲಿಗೆ ಹಾಕಿಕೊಂಡು ಅವನೇ ಮುಂದೆ ನಡೆದ. ಇಂಥ ಮನುಷ್ಯನನ್ನು ಸೋಲಿಸಬಾರದಿತ್ತು, ಮುಂದಿನ ಸಲ ಕಣ್ಣು ಮುಚ್ಚಿ ಇವರಿಗೇ ಹಾಕಬೇಕು ಎಂದು ಪ್ರತಿ ಮನೆಯಲ್ಲಿಯೂ ನಿಶ್ಚಯವಾಯಿತು.

ಸದ್ಯ ತಾಲೂಕಿನಲ್ಲಿ ಪಕ್ಷಕ್ಕೆ ಒಬ್ಬ ಸದಸ್ಯನೂ ಇಲ್ಲ. ಮತಗಳು ಮಾತ್ರ ಎಲ್ಲವೂ ಖಚಿತ. ಅಂದಾನೆಪ್ಪ ದಿನಾ ಹತ್ತು ಗಂಟೆಗೆ ಪಕ್ಷದ ಕಚೇರಿಯ ಬಾಗಿಲು ತೆಗೆದು ಅದೇ ಕುರ್ಚಿಯಲ್ಲಿ ಕೂಡುತ್ತಾನೆ. ಉಚ್ಚಾಟಿತನಾದವನು ಕುರ್ಚಿಯನ್ನು ಮುಂದಿನ ಕಾರ್ಯದರ್ಶಿಗೆ ಒಪ್ಪಿಸತಕ್ಕದ್ದು ಎಂದು ನಿಯಮವಿದೆ. ಒಪ್ಪಿಸಿಕೊಳ್ಳಲು ಪಕ್ಷದಲ್ಲಿ ಯಾರೂ ಉಳಿದಿಲ್ಲ.